ಟೆಸ್ಟಿಂಗ್‌ನಲ್ಲಿ ಕೋಡಿನ ಪ್ರತಿ ಸಾಲನ್ನೂ ಓಡಿಸಲು ಆಗುತ್ತದೆಯೇ? ಕವರೇಜ್ ಅಳೆಯುವವರಿಗೆ ಒಂದು ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ಲುಗಳಿಗೆ, ಅಡತಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವವರೂ ಇದನ್ನೇ ಕೇಳುತ್ತಾರೆ: "ಟೆಸ್ಟ್ ಮಾಡುವಾಗ ಪ್ರತಿ ಸಾಲೂ ಒಮ್ಮೆಯಾದರೂ ಓಡಲೇಬೇಕೇನ್ರಿ? ನೂರಕ್ಕೆ ನೂರು ಆಗುತ್ತದಾ?"

ಮೊದಲು ನೇರ ಉತ್ತರ. ಸಣ್ಣ ಪ್ರೋಗ್ರಾಂ ಆದರೆ ಆಗುತ್ತದೆ. ದೊಡ್ಡ ಸಾಫ್ಟ್‌ವೇರಿನ ಲೆಕ್ಕಾಚಾರದ ಭಾಗಕ್ಕೂ ಆಗುತ್ತದೆ, ಅಲ್ಲಿ ಮಾಡಲೇಬೇಕು. ಇಡೀ ಸಾಫ್ಟ್‌ವೇರಿಗೆ ಅದನ್ನು ಸಾಧಿಸಿದವರು ತೀರಾ ಕಡಿಮೆ, ಸಾಧಿಸಿದವರು ಅದಕ್ಕೆ ಹಾಕಿದ ದುಡಿಮೆ ಬಹಳ ದೊಡ್ಡದು. ಅಷ್ಟೆಲ್ಲಾ ಮಾಡಿ ನೂರು ಮುಟ್ಟಿದ ಮೇಲೂ ತಪ್ಪು ಉಳಿದಿರಬಹುದು. ಹಾಗಾದರೆ ಯಾಕೆ ಅಳೆಯಬೇಕು ಎಂದರೆ, ಯಾವ ಯಾವ ಸಾಲು ಓಡಿಲ್ಲ ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯನ್ನು ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಏನೇನು ಬೇಕು

ಒಂದು ಪ್ರೋಗ್ರಾಂ, ಅದಕ್ಕೆ ಈಗಾಗಲೇ ಬರೆದ ನಾಲ್ಕಾರು ಟೆಸ್ಟ್, ಮತ್ತು ಒಂದು ಕವರೇಜ್ ಟೂಲ್. ಕವರೇಜ್ ಎಂದರೆ ಟೆಸ್ಟುಗಳು ಓಡುವಾಗ ಕೋಡಿನ ಎಷ್ಟು ಭಾಗ ನಿಜವಾಗಿ ಓಡಿತು ಎಂಬ ಅಳತೆ. ಪೈಥಾನ್‌ಗೆ ಕವರೇಜ್-ಪೈ, ಜಾವಾಕ್ಕೆ ಜಾಕೋಕೋ, ಜಾವಾಸ್ಕ್ರಿಪ್ಟ್‌ಗೆ ಇಸ್ತಾಂಬುಲ್, ಸಿ ಭಾಷೆಗೆ ಜಿಕವ್. ಎಲ್ಲವೂ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಇಲ್ಲಿ ಪೈಥಾನ್ ಇಟ್ಟುಕೊಂಡು ಹೇಳುತ್ತೇನೆ, ಉಳಿದ ಭಾಷೆಗಳಲ್ಲಿಯೂ ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಇದ್ದದ್ದನ್ನು ಇದ್ದ ಹಾಗೆ ಅಳೆಯಿರಿ

ಹೊಸ ಟೆಸ್ಟ್ ಒಂದನ್ನೂ ಸೇರಿಸದೆ ಈಗಿರುವ ಟೆಸ್ಟುಗಳನ್ನು ಕವರೇಜ್ ಟೂಲಿನ ಮೂಲಕ ಓಡಿಸಿ, ಎಚ್‌ಟಿಎಂಎಲ್ ವರದಿ ತೆಗೆಯಿರಿ. ಬ್ರೌಸರಿನಲ್ಲಿ ತೆರೆದರೆ ಓಡಿದ ಸಾಲುಗಳು ಹಸಿರು, ಓಡದವು ಕೆಂಪು ಬಣ್ಣದಲ್ಲಿ ಕಾಣುತ್ತವೆ.

ಇಲ್ಲೇ ಎರಡು ಕಡೆ ಜನ ಮೋಸ ಹೋಗುತ್ತಾರೆ. ಟೂಲಿಗೆ ನಿಮ್ಮ ಕೋಡಿನ ಫೋಲ್ಡರ್ ಯಾವುದು ಎಂದು 'ಸೋರ್ಸ್' ಆಯ್ಕೆಯಲ್ಲಿ ಹೇಳದಿದ್ದರೆ, ಟೆಸ್ಟುಗಳು ಮುಟ್ಟದೇ ಇರುವ ಫೈಲುಗಳು ವರದಿಯಲ್ಲಿ ಕಾಣಿಸುವುದೇ ಇಲ್ಲ. ಹತ್ತು ಫೈಲುಗಳಲ್ಲಿ ಮೂರನ್ನು ಮಾತ್ರ ಟೆಸ್ಟ್ ಮಾಡಿ, ಆ ಮೂರರ ಶೇಕಡಾವಾರನ್ನು ಇಡೀ ಪ್ರಾಜೆಕ್ಟಿನದು ಎಂದು ವೈವಾದಲ್ಲಿ ಹೇಳಿದರೆ ಅದು ಸುಳ್ಳು ಲೆಕ್ಕ. ಎರಡನೆಯದು, ಪೈಥಾನ್‌ನಲ್ಲಿ ಒಂದು ಫೈಲನ್ನು ಇಂಪೋರ್ಟ್ ಮಾಡಿದರೆ ಸಾಕು, ಫಂಕ್ಷನ್ ಶುರುವಾಗುವ ಸಾಲು, ಮೇಲಿನ ಇಂಪೋರ್ಟ್ ಸಾಲುಗಳು ಎಲ್ಲ ಓಡಿದವು ಎಂದೇ ಎಣಿಕೆಯಾಗುತ್ತವೆ. ಒಂದು ಫಂಕ್ಷನ್ನನ್ನೂ ಕರೆಯದೆ ಶೇಕಡಾ ಇಪ್ಪತ್ತೋ ಮೂವತ್ತೋ ಬಂದರೆ ಹಿಗ್ಗಬೇಡಿ.

ಹಂತ 2: ಕೆಂಪು ಸಾಲುಗಳನ್ನು ಮೂರು ರಾಶಿ ಮಾಡಿ

ಈ ಹಂತಕ್ಕೆ ಸಮಯ ಕೊಡಿ. ವರದಿಯ ಮೇಲಿನ ಅಂಕಿ ಬಿಟ್ಟು ಒಂದೊಂದೇ ಕೆಂಪು ಸಾಲು ಓದಿ, ಅದು ಯಾಕೆ ಓಡಲಿಲ್ಲ ಎಂದು ಕೇಳಿಕೊಳ್ಳಿ.

ಮೊದಲ ರಾಶಿ, ಮರೆತದ್ದು. ರಿಯಾಯಿತಿ ಲೆಕ್ಕ, ಹಮಾಲಿ ಕಡಿತ, ಹಳೆ ಬಾಕಿ ವಜಾ ಮಾಡುವ ಸಾಲು. ಇವಕ್ಕೆ ಟೆಸ್ಟ್ ಬರೆಯುವುದು ಹತ್ತು ನಿಮಿಷದ ಕೆಲಸ. ನೆಪ ಹೇಳದೆ ಬರೆಯಿರಿ.

ಎರಡನೆಯ ರಾಶಿ, ಸುಲಭವಾಗಿ ಓಡಿಸಲಾಗದ್ದು. ಡಿಸ್ಕ್ ತುಂಬಿದಾಗ, ನೆಟ್ ಕಡಿದಾಗ, ಬಿಲ್ ಉಳಿಸುವ ಹೊತ್ತಿಗೆ ಕರೆಂಟ್ ಹೋದಾಗ, ವೇಬ್ರಿಜ್‌ನಿಂದ ತೂಕ ಬಾರದಿದ್ದಾಗ ಏನು ಮಾಡಬೇಕು ಎಂದು ಬರೆದ ಸಾಲುಗಳು. ಇವನ್ನು ಹಂತ 4ಕ್ಕೆ ಇಟ್ಟುಕೊಳ್ಳಿ.

ಮೂರನೆಯ ರಾಶಿ, ಎಂಥ ಇನ್‌ಪುಟ್ ಕೊಟ್ಟರೂ ತಲುಪಲಾಗದ್ದು. ಇದನ್ನು ಡೆಡ್ ಕೋಡ್ ಎನ್ನುತ್ತಾರೆ. ಹಳೆ ತೆರಿಗೆ ಪದ್ಧತಿಯದ್ದು, ಯಾರೂ ಕರೆಯದ ಫಂಕ್ಷನ್, ರಿಟರ್ನ್ ಆದ ಮೇಲೆ ಉಳಿದುಬಿಟ್ಟ ಸಾಲು ಇಂಥವು. ಇವಕ್ಕೆ ಟೆಸ್ಟ್ ಬರೆಯಲು ಹೋಗಬೇಡಿ, ಅಳಿಸಿ.

ಆದರೆ ಅಳಿಸುವ ಮೊದಲು ಒಂದು ಎಚ್ಚರಿಕೆ. ತಲುಪಲಾಗದ ಸಾಲು ಕೆಲವೊಮ್ಮೆ ಅದರ ಮೇಲಿನ ಸಾಲಿನಲ್ಲಿ ತಪ್ಪಿದೆ ಎಂಬುದರ ಸುಳಿವು. 2014ರ ಫೆಬ್ರುವರಿಯಲ್ಲಿ ಆಪಲ್ ತುರ್ತಾಗಿ ಸರಿಪಡಿಸಿದ ದೋಷವನ್ನು ನೋಡಿ. ವೆಬ್‌ಸೈಟ್ ಅಸಲಿಯೇ ಎಂದು ಪರೀಕ್ಷಿಸುವ ಕೋಡಿನಲ್ಲಿ 'ಗೋಟು ಫೇಲ್' ಎಂಬ ಸಾಲು ಪಕ್ಕಪಕ್ಕ ಎರಡು ಸಲ ಬಿದ್ದಿತ್ತು. ಎರಡನೆಯದು ಯಾವ ಷರತ್ತಿಗೂ ಒಳಪಟ್ಟಿರಲಿಲ್ಲ. ಹಾಗಾಗಿ ಪ್ರೋಗ್ರಾಂ ಪ್ರತಿ ಸಲವೂ ಅಲ್ಲಿಂದ ಜಿಗಿದು ಕೊನೆಗೆ ಹೋಗುತ್ತಿತ್ತು, ವೆಬ್‌ಸೈಟಿನ ಡಿಜಿಟಲ್ ಸಹಿಯನ್ನು ನಿಜವಾಗಿ ಪರೀಕ್ಷಿಸುವ ಸಾಲುಗಳು ಓಡುತ್ತಲೇ ಇರಲಿಲ್ಲ. ನಕಲಿ ಸೈಟ್ ಕೂಡ ಅಸಲಿ ಎಂದು ಪಾಸಾಗಬಹುದಿತ್ತು. ಕವರೇಜ್ ವರದಿಯಲ್ಲಿ ಆ ಸಾಲುಗಳು ಕೆಂಪಾಗಿ ಕಾಣಲೇಬೇಕಿತ್ತು. ಇಂಥ ಕಡೆ "ಡೆಡ್ ಕೋಡ್" ಎಂದು ಅಳಿಸಿಬಿಟ್ಟರೆ ಬೀಗವನ್ನೇ ಕಿತ್ತುಹಾಕಿದಂತೆ.

ಯಾವ ಸಾಲು ಎಂದೂ ತಲುಪಲಾಗದ್ದು ಎಂಬುದನ್ನು ಟೂಲೇ ಹೇಳಲಿ ಎಂದು ಕೆಲವರು ಬಯಸುತ್ತಾರೆ. ಎಲ್ಲ ಪ್ರೋಗ್ರಾಂಗಳಿಗೂ ಖಚಿತವಾಗಿ ಹಾಗೆ ಹೇಳಬಲ್ಲ ಟೂಲ್ ಬರೆಯಲು ಸಾಧ್ಯವೇ ಇಲ್ಲ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೆಯೇ ಎಂದು ತಪ್ಪದೆ ಹೇಳುವ ವಿಧಾನವಿಲ್ಲ ಎಂದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಸಾಧಿಸಿ ತೋರಿಸಿದ್ದರಿಂದಲೇ ಇದೂ ತಿಳಿದುಬರುತ್ತದೆ. ಸುಲಭದ ಪ್ರಕರಣಗಳನ್ನು ಟೂಲುಗಳು ಹಿಡಿಯುತ್ತವೆ, ಉಳಿದದ್ದನ್ನು ನೀವೇ ಕೂತು ಓದಬೇಕು.

ಹಂತ 3: ಸಾಲು ಬಿಟ್ಟು ಕವಲು ಎಣಿಸಿ

ಎಲ್ಲ ಸಾಲೂ ಓಡಿದರೆ ಸಾಕು ಎನ್ನುವವರಿಗೆ ಈ ಉದಾಹರಣೆ. ಮಿಲ್ಲಿಗೆ ನೆಲ್ಲು ಬಂದಾಗ ರೈತನಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ. ಬೆಂಬಲ ಬೆಲೆ ಖರೀದಿಯಲ್ಲಿ ತೇವಾಂಶದ ಮಿತಿ ಶೇಕಡಾ 17, ಅದನ್ನೇ ಇಟ್ಟುಕೊಂಡಿದ್ದೇನೆ. ಕಡಿತದ ಸೂತ್ರ ಮಿಲ್ಲಿನಿಂದ ಮಿಲ್ಲಿಗೆ ಬೇರೆ ಇರುತ್ತದೆ, ಇದು ಉದಾಹರಣೆಗಾಗಿ ಮಾತ್ರ. ಚೀಲ 75 ಕಿಲೋದ್ದು.

ನಿವ್ವಳ = ಲೋಡ್ ತೂಕ − ಖಾಲಿ ತೂಕ
ತೇವ 17ಕ್ಕಿಂತ ಹೆಚ್ಚಿದ್ದರೆ:
— ಕಡಿತ = ನಿವ್ವಳ × (ತೇವ − 17) ÷ 100
ಪಾವತಿ ತೂಕ = ನಿವ್ವಳ − ಕಡಿತ
ಚೀಲ = ಪಾವತಿ ತೂಕ ÷ 75
ಮೊತ್ತ = ಚೀಲ × ದರ

ಒಂದೇ ಒಂದು ಟೆಸ್ಟ್ ಕೊಡೋಣ. ಲೋಡ್ ಲಾರಿ 16,000 ಕಿಲೋ, ಖಾಲಿ ಲಾರಿ 6,000, ತೇವ 20, ಚೀಲಕ್ಕೆ ದರ 1,800 ರೂಪಾಯಿ. ನಿವ್ವಳ 10,000, ಕಡಿತ 300, ಪಾವತಿ ತೂಕ 9,700, ಮೊತ್ತ 2,32,800 ರೂಪಾಯಿ. ಉತ್ತರ ಸರಿ. ಆರೂ ಸಾಲು ಓಡಿವೆ, ವರದಿ 100 ಎನ್ನುತ್ತದೆ.

ಈಗ ಬೇಸಿಗೆ ಬೆಳೆಯ ಒಣ ನೆಲ್ಲು ಬರುತ್ತದೆ, ತೇವ 15. ಷರತ್ತಿನ ಒಳಗಿನ ಸಾಲು ಓಡುವುದಿಲ್ಲ. ಹಾಗಾಗಿ 'ಕಡಿತ' ಎಂಬುದಕ್ಕೆ ಅಂಕಿಯೇ ಇರುವುದಿಲ್ಲ. ಮುಂದಿನ ಸಾಲಿನಲ್ಲಿ ಪ್ರೋಗ್ರಾಂ ನಿಂತುಬಿಡುತ್ತದೆ. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿವೆ, ಗುಮಾಸ್ತನ ಕೈಯಲ್ಲಿ ಬಿಲ್ ಇಲ್ಲ. ಮಳೆ ಹಿಡಿದ ಸುಗ್ಗಿಯ ಹಸಿ ನೆಲ್ಲಿನ ಅಂಕಿಗಳನ್ನೇ ಇಟ್ಟುಕೊಂಡು ಟೆಸ್ಟ್ ಮಾಡಿದವನಿಗೆ ಇದು ಕಾಣಿಸಿರುವುದೇ ಇಲ್ಲ. ಷರತ್ತಿಗೆ ಮೊದಲು 'ಕಡಿತ = 0' ಎಂಬ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ, ಆದರೆ ಅದನ್ನು ಪತ್ತೆ ಹಚ್ಚಲು ಸಾಲಿನ ಎಣಿಕೆ ಸಾಲದು.

ಆದ್ದರಿಂದ ಬ್ರಾಂಚ್ ಕವರೇಜ್, ಅಂದರೆ ಕವಲುಗಳ ಎಣಿಕೆ, ಆನ್ ಮಾಡಿ. ಪ್ರತಿ ಷರತ್ತು ಹೌದು ಎಂದಾಗಲೂ ಓಡಿತೇ, ಇಲ್ಲ ಎಂದಾಗಲೂ ಓಡಿತೇ ಎಂದು ಅದು ನೋಡುತ್ತದೆ. ಕವರೇಜ್-ಪೈ ಇದನ್ನು ತಾನಾಗಿ ಮಾಡುವುದಿಲ್ಲ, 'ಬ್ರಾಂಚ್' ಆಯ್ಕೆ ಕೊಡಬೇಕು. ಇನ್ನೊಂದು ಮಾತು, ಷರತ್ತನ್ನೂ ಎರಡೂ ಉತ್ತರಗಳನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಅದರೊಳಗಿನ ಕವಲು ಈ ಟೂಲಿಗೆ ಕಾಣುವುದಿಲ್ಲ. ದುಡ್ಡಿನ ಲೆಕ್ಕವಿರುವ ಕಡೆ ಷರತ್ತುಗಳನ್ನು ಬಿಡಿಸಿ ಬರೆಯಿರಿ.

ಕವಲುಗಳು ಎಲ್ಲ ಓಡಿದವು, ಹಾಗಾದರೆ ಕವಲುಗಳ ಎಲ್ಲ ಜೋಡಣೆಗಳನ್ನೂ, ಅಂದರೆ ಮೊದಲಿನಿಂದ ಕೊನೆಯ ತನಕ ಇರುವ ಪ್ರತಿ ದಾರಿಯನ್ನೂ ಓಡಿಸಬಹುದೇ? ಆಗದು. ಒಂದರ ಕೆಳಗೊಂದು 30 ಬಿಡಿ ಷರತ್ತುಗಳಿದ್ದರೆ ದಾರಿಗಳು 107,37,41,824. ಸೆಕೆಂಡಿಗೆ ಸಾವಿರ ಟೆಸ್ಟ್ ಓಡಿಸಿದರೆ 12 ದಿನ ದಾಟುತ್ತದೆ. 40 ಷರತ್ತಾದರೆ ಅದೇ ವೇಗದಲ್ಲಿ ಸುಮಾರು 35 ವರ್ಷ. ಎಷ್ಟು ಸಲ ಸುತ್ತಬೇಕೆಂದು ಮಿತಿ ಇಲ್ಲದ ಲೂಪ್ ಒಂದಿದ್ದರೆ ದಾರಿಗಳಿಗೆ ಲೆಕ್ಕವೇ ಇಲ್ಲ. "ಪ್ರತಿ ಸಾಲು ಟೆಸ್ಟ್ ಆಗಿದೆ" ಎನ್ನುವುದು ಬೇರೆ, "ಎಲ್ಲವನ್ನೂ ಟೆಸ್ಟ್ ಮಾಡಿದ್ದೇವೆ" ಎನ್ನುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಗ್ರಾಹಕರಿಗೆ ಹೇಳಬೇಡಿ.

ಹಂತ 4: ಕೆಟ್ಟ ಗಳಿಗೆಯನ್ನು ನೀವೇ ತಂದುಕೊಳ್ಳಿ

ಎರಡನೆಯ ರಾಶಿಯ ಸಾಲುಗಳನ್ನು "ಇದು ಆಗುವುದೇ ಅಪರೂಪ" ಎಂದು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಆದರೆ ಕರೆಂಟ್ ಹೋಗಿ ಬಂದು ಮಾಡುವ, ನೆಟ್ ಮಧ್ಯಾಹ್ನ ಎರಡು ತಾಸು ಇರದ ಊರುಗಳಲ್ಲಿ ಈ ಸಾಲುಗಳು ದಿನಾ ಓಡುತ್ತವೆ. ಪ್ರೋಗ್ರಾಮರ್‌ನ ಮೇಜಿನ ಮೇಲೆ ಮಾತ್ರ ಅವು ಅಪರೂಪ. ಟೆಸ್ಟ್ ಆಗದ ದೋಷ ನಿರ್ವಹಣೆಯ ಕೋಡ್, ದೋಷ ಬಂದಾಗ ಇನ್ನೊಂದು ದೋಷವನ್ನು ಎಬ್ಬಿಸಿ ಮೊದಲಿನದನ್ನು ಮುಚ್ಚಿಹಾಕುತ್ತದೆ.

ಮಾಡುವ ವಿಧಾನ ಹೀಗೆ. ಪ್ರಿಂಟರ್, ನೆಟ್, ಡೇಟಾಬೇಸ್, ತೂಕದ ಯಂತ್ರ ಇವುಗಳ ಜೊತೆ ಮಾತನಾಡುವ ಕೋಡನ್ನು ಲೆಕ್ಕದ ಕೋಡಿನಿಂದ ಬೇರ್ಪಡಿಸಿ. ಟೆಸ್ಟಿನಲ್ಲಿ ನಿಜವಾದ ಪ್ರಿಂಟರಿನ ಬದಲು ಒಂದು ನಕಲಿ ಪ್ರಿಂಟರ್ ಕೊಡಿ. ಇದನ್ನು ಮಾಕ್ ಎನ್ನುತ್ತಾರೆ. "ಎರಡನೇ ಸಲ ಕೇಳಿದಾಗ ಪೇಪರ್ ಇಲ್ಲ ಎಂದು ಹೇಳು" ಎಂದು ಅದಕ್ಕೆ ಕಲಿಸಬಹುದು. ತೂಕದ ಯಂತ್ರದಿಂದ ಅರ್ಧಕ್ಕೇ ಕಡಿದ ಅಂಕಿ ಬಂದ ಹಾಗೆ, ಡೇಟಾಬೇಸ್ ಹತ್ತು ಸೆಕೆಂಡ್ ಸುಮ್ಮನಿದ್ದ ಹಾಗೆ ಮಾಡಬಹುದು. ಆಗ ಎರಡು ಸಂಗತಿ ನೋಡಿ. ಬಿಲ್ ಎರಡು ಸಲ ಉಳಿಯಿತೇ? ಅರ್ಧ ಉಳಿದು ಅರ್ಧ ಹೋಯಿತೇ?

ಮಾಕ್‌ನಲ್ಲಿಯೂ ಅತಿ ಮಾಡಬಾರದು. ಎಲ್ಲವನ್ನೂ ನಕಲಿ ಮಾಡಿಟ್ಟರೆ ಸಾಲುಗಳೆಲ್ಲ ಹಸಿರಾಗುತ್ತವೆ, ನಿಜವಾದ ಪ್ರಿಂಟರ್ ಜೋಡಿಸಿದ ದಿನ ಒಂದೂ ನಡೆಯುವುದಿಲ್ಲ. ನಿಜವಾದ ಯಂತ್ರದ ಜೊತೆ ಕೆಲವಾದರೂ ಟೆಸ್ಟ್ ಇರಲಿ.

ಇಷ್ಟಾದ ಮೇಲೂ ಓಡಿಸಲಾಗದ ಸಾಲು ಉಳಿದರೆ ಅದಕ್ಕೆ 'ಪ್ರಾಗ್ಮಾ ನೋ ಕವರ್' ಎಂಬ ಗುರುತು ಹಾಕಿ ಎಣಿಕೆಯಿಂದ ಬಿಡಬಹುದು. ಪಕ್ಕದಲ್ಲೇ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಕಾರಣ ಬರೆಯದ ಗುರುತು ರಿವ್ಯೂನಲ್ಲಿ ಪಾಸಾಗಕೂಡದು, ಯಾಕೆಂದರೆ ಶೇಕಡಾವಾರು ಏರಿಸುವ ಅತಿ ಸುಲಭದ ಕಳ್ಳದಾರಿ ಇದೇ.

ಹಂತ 5: ಓಡಿದ ಸಾಲು ಸರಿಯಾಗಿ ಓಡಿತೇ ನೋಡಿ

ಕವರೇಜ್ ಟೂಲಿಗೆ ಗೊತ್ತಿರುವುದು ಸಾಲು ಓಡಿತು ಎಂಬುದಷ್ಟೇ. ಉತ್ತರ ಸರಿಯೋ ತಪ್ಪೋ ಅದಕ್ಕೆ ತಿಳಿಯದು. ಫಂಕ್ಷನ್ ಕರೆದು ಉತ್ತರವನ್ನು ನೋಡದೇ ಬಿಡುವ ಟೆಸ್ಟುಗಳಿಂದಲೂ ನೂರು ಬರುತ್ತದೆ. ಕಂಪನಿಯಲ್ಲಿ ಮೇಲಿನವರು ಶೇಕಡಾವಾರು ಮಾತ್ರ ಕೇಳಿದರೆ ಇಂಥ ಟೆಸ್ಟುಗಳೇ ಹುಟ್ಟಿಕೊಳ್ಳುತ್ತವೆ.

ಮೇಲಿನ ನೆಲ್ಲಿನ ಲೆಕ್ಕಕ್ಕೇ ಮರಳಿ ಬನ್ನಿ. 'ಕಡಿತ = 0' ಸೇರಿಸಿದ್ದೇವೆ, ಹಸಿ ಮತ್ತು ಒಣ ಎರಡೂ ಟೆಸ್ಟ್ ಇವೆ, ಸಾಲು ನೂರು, ಕವಲು ನೂರು. ಈಗ ಗುಮಾಸ್ತ 20.0 ಎಂದು ಹೊಡೆಯುವಾಗ ಚುಕ್ಕಿ ಬಿಟ್ಟು 200 ಹೊಡೆಯುತ್ತಾನೆ. ಕಡಿತ 18,300 ಕಿಲೋ, ಪಾವತಿ ತೂಕ ಮೈನಸ್ 8,300, ಮೊತ್ತ ಮೈನಸ್ 1,99,200 ರೂಪಾಯಿ. ನೆಲ್ಲು ಕೊಟ್ಟ ರೈತನೇ ಮಿಲ್ಲಿಗೆ ಎರಡು ಲಕ್ಷ ಬಾಕಿ. ಲೋಡ್ ತೂಕ, ಖಾಲಿ ತೂಕ ಅದಲುಬದಲಾದರೂ ಇಂಥದ್ದೇ ಆಗುತ್ತದೆ. "ತೇವ ಇಷ್ಟರೊಳಗೇ ಇರಬೇಕು" ಎಂಬ ತಪಾಸಣೆಯನ್ನು ಯಾರೂ ಬರೆದೇ ಇಲ್ಲ. ಬರೆಯದೇ ಬಿಟ್ಟ ಸಾಲನ್ನು ಯಾವ ಟೂಲೂ ಕೆಂಪು ಮಾಡಿ ತೋರಿಸುವುದಿಲ್ಲ. ಅದನ್ನು ಹಿಡಿಯಬೇಕಾದರೆ ಕೋಡ್ ಮುಚ್ಚಿಟ್ಟು, ಮಿಲ್ಲಿನ ಕೆಲಸ ಗೊತ್ತಿರುವವರ ಜೊತೆ ಕೂತು "ಏನೇನು ತಪ್ಪಾಗಿ ಹೊಡೆಯುತ್ತೀರಿ?" ಎಂದು ಕೇಳಬೇಕು.

ಕೋಡ್ ಓಡಿದ್ದೂ ಸಾಲದು, ಯಾವ ಅಂಕಿಯಲ್ಲಿ ಓಡಿತು ಎಂಬುದೂ ಮುಖ್ಯ ಎನ್ನುವುದಕ್ಕೆ ದೊಡ್ಡ ಉದಾಹರಣೆ ಏರಿಯಾನ್ 5 ರಾಕೆಟ್. 1996ರ ಜೂನ್ 4ರಂದು ಹಾರಿದ ಅದು ಎಂಜಿನ್ ಹೊತ್ತಿಕೊಂಡ ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿ ಛಿದ್ರವಾಯಿತು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಅಂಕಿಯನ್ನು 16 ಬಿಟ್‌ಗೆ ಇಳಿಸುವ ಕೋಡ್ ಅದರಲ್ಲಿತ್ತು. ಆ 16 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಆ ಕೋಡ್ ಬಂದದ್ದು ಹಿಂದಿನ ಏರಿಯಾನ್ 4ರಿಂದ, ಅಲ್ಲಿ ಅದು ಹಾರಾಟಗಳಲ್ಲೇ ಓಡಿ ಪಳಗಿತ್ತು. ಏರಿಯಾನ್ 5ರ ವೇಗ ಹೆಚ್ಚು, ಸಂಖ್ಯೆ ಮಿತಿ ಮೀರಿತು.

ನಿಮ್ಮ ಟೆಸ್ಟುಗಳಿಗೆ ಕಣ್ಣಿದೆಯೇ ಎಂದು ನೋಡಲು ಮ್ಯುಟೇಶನ್ ಟೆಸ್ಟಿಂಗ್ ಎಂಬ ವಿಧಾನವಿದೆ. ಟೂಲ್ ನಿಮ್ಮ ಕೋಡಿನಲ್ಲಿ ಬೇಕಂತಲೇ ಒಂದೊಂದೇ ತಪ್ಪು ಹಾಕುತ್ತದೆ, ಮೈನಸ್ ಇದ್ದಲ್ಲಿ ಪ್ಲಸ್ ಮಾಡುತ್ತದೆ, ಆಮೇಲೆ ಟೆಸ್ಟ್ ಓಡಿಸುತ್ತದೆ. ಒಂದು ಟೆಸ್ಟಾದರೂ ಫೇಲ್ ಆದರೆ ಒಳ್ಳೆಯದು. ಎಲ್ಲವೂ ಪಾಸಾದರೆ ಆ ಸಾಲು ಬರೀ ಓಡಿದೆ, ಯಾರೂ ಪರೀಕ್ಷಿಸಿಲ್ಲ ಎಂದರ್ಥ. ಜಾವಾಕ್ಕೆ ಪಿಟ್, ಪೈಥಾನ್‌ಗೆ ಮ್ಯುಟ್‌ಮ್ಯುಟ್ ಇವೆ. ನಿಧಾನ ಜಾಸ್ತಿ, ಹಾಗಾಗಿ ದುಡ್ಡಿನ ಲೆಕ್ಕದ ಫೈಲುಗಳ ಮೇಲೆ ಮಾತ್ರ ಓಡಿಸಿ. ಸಿಕ್ಕಿಬೀಳದ ತಪ್ಪೆಲ್ಲ ನಿಮ್ಮ ಟೆಸ್ಟಿನ ದೋಷವೂ ಅಲ್ಲ. ನಮ್ಮ ಲೆಕ್ಕದಲ್ಲಿ "17ಕ್ಕಿಂತ ಹೆಚ್ಚು" ಎಂಬುದನ್ನು "17 ಅಥವಾ ಹೆಚ್ಚು" ಎಂದು ಟೂಲ್ ಬದಲಾಯಿಸಿದರೆ, ತೇವ ಸರಿಯಾಗಿ 17 ಇದ್ದಾಗ ಕಡಿತ ಹೇಗೂ ಸೊನ್ನೆಯೇ. ಅಂಥದ್ದನ್ನು ಬಿಟ್ಟು ಮುಂದೆ ಹೋಗಿ.

ಹಂತ 6: ಎಷ್ಟು ಸಾಕು ಎಂದು ತೀರ್ಮಾನಿಸಿ

ತಪ್ಪಾದರೆ ಏನು ನಷ್ಟ ಎಂಬುದರ ಮೇಲೆ ಇದು ನಿಂತಿದೆ. ವಿಮಾನದ ಸಾಫ್ಟ್‌ವೇರಿಗೆ ಡಿಒ-178ಸಿ ಎಂಬ ಮಾನದಂಡವಿದೆ. ತಪ್ಪಿದರೆ ವಿಮಾನವೇ ಬೀಳಬಹುದಾದ 'ಎ' ಮಟ್ಟದ ಕೋಡಿನಲ್ಲಿ ಸಾಲು, ಕವಲುಗಳ ಜೊತೆಗೆ ಪ್ರತಿ ಷರತ್ತಿನ ಪ್ರತಿ ತುಣುಕೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದು ಎಂದು ತೋರಿಸಬೇಕು. ಇದನ್ನು ಎಂಸಿಡಿಸಿ ಎನ್ನುತ್ತಾರೆ. 'ಬಿ' ಮಟ್ಟಕ್ಕೆ ಕವಲು, 'ಸಿ' ಮಟ್ಟಕ್ಕೆ ಸಾಲು ಸಾಕು. 'ಡಿ' ಮಟ್ಟಕ್ಕೆ ಈ ಅಳತೆಯೇ ಬೇಡ.

ನಿಮ್ಮ ಜೇಬಿನ ಮೊಬೈಲಿನಲ್ಲಿರುವ ಎಸ್‌ಕ್ಯುಲೈಟ್ ಡೇಟಾಬೇಸ್ ಸ್ವಯಂಪ್ರೇರಣೆಯಿಂದ ಈ ಎಂಸಿಡಿಸಿಯನ್ನು ನೂರಕ್ಕೆ ನೂರು ಮುಟ್ಟಿದೆ. ಆದ್ದರಿಂದ "ಸಾಧ್ಯವೇ ಇಲ್ಲ" ಎನ್ನುವವರ ಮಾತು ತಪ್ಪು. ಆದರೆ ಅದರ ಟೆಸ್ಟ್ ಕೋಡ್ ಮೂಲ ಕೋಡಿನ ಸುಮಾರು 590 ಪಟ್ಟು ಎಂದು ಅದನ್ನು ಕಟ್ಟಿದವರೇ ಬರೆದುಕೊಂಡಿದ್ದಾರೆ. "ಇದು ಎಂದೂ ಆಗದು, ಆದರೂ ಇರಲಿ" ಎಂದು ಹಾಕಿದ ತಪಾಸಣೆಗಳನ್ನು ಅವರು ಪ್ರತ್ಯೇಕ ಗುರುತು ಹಾಕಿ ಕವರೇಜ್ ಅಳೆಯುವಾಗ ತೆಗೆದಿಡುತ್ತಾರೆ. ಇನ್ನೊಂದು ಕಡೆ, ಗೂಗಲ್ ತನ್ನ ತಂಡಗಳಿಗೆ ಹಾಕಿಕೊಟ್ಟ ಸ್ಥೂಲ ಅಳತೆ: 60 ಆದರೆ ಪರವಾಗಿಲ್ಲ, 75 ಆದರೆ ಮೆಚ್ಚುವಂಥದ್ದು, 90 ಆದರೆ ಮಾದರಿ.

ನನ್ನ ಸಲಹೆ ಇಷ್ಟು. ತೂಕ, ದರ, ಕಡಿತ, ತೆರಿಗೆ, ಬಾಕಿ ಈ ಲೆಕ್ಕದ ಫೈಲುಗಳಲ್ಲಿ ಸಾಲು ಮತ್ತು ಕವಲು ಎರಡೂ ನೂರು ಇರಲಿ, ಅದರಲ್ಲಿ ರಾಜಿ ಬೇಡ. ಡೇಟಾಬೇಸ್ ಮತ್ತು ಯಂತ್ರಗಳ ಜೊತೆ ಮಾತನಾಡುವ ಭಾಗ 80ರ ಆಸುಪಾಸು ಇದ್ದರೆ ಸಾಕು, ದೋಷ ನಿರ್ವಹಣೆಯ ಸಾಲುಗಳು ಅದರೊಳಗೆ ಬಂದಿರಬೇಕು. ಬಟನ್ ಬಣ್ಣ, ಮೆನು ಜೋಡಣೆಯ ಕೋಡಿಗೆ ಗುರಿಯೇ ಬೇಡ, ಅದನ್ನು ಕಣ್ಣಾರೆ ನೋಡಿದರಾಯಿತು. ಬಾಯ್ಲರ್ ನಿಲ್ಲಿಸುವ, ಕನ್ವೇಯರ್ ತಡೆಯುವ, ಮನುಷ್ಯರ ಜೀವಕ್ಕೆ ಸಂಬಂಧಿಸಿದ ನಿಯಂತ್ರಣದ ಕೆಲಸ ನಿಮ್ಮ ಕೈಗೆ ಬಂದರೆ ಈ ಲೇಖನದ ಅಂಕಿಗಳನ್ನು ಇಟ್ಟುಕೊಂಡು ಹೋಗಬೇಡಿ, ಆ ಕ್ಷೇತ್ರದ ಸುರಕ್ಷತಾ ಮಾನದಂಡವನ್ನೇ ಹಿಡಿಯಿರಿ.

ಹಂತ 7: ಹಳೆ ಕೋಡ್ ಬಿಡಿ, ಹೊಸದನ್ನು ಹಿಡಿಯಿರಿ

ಟೆಸ್ಟೇ ಇಲ್ಲದೆ ವರ್ಷಗಟ್ಟಲೆ ನಡೆದುಬಂದ ಸಾಫ್ಟ್‌ವೇರ್ ಕೈಗೆ ಬಂದವರು ಒಂದೇ ತಿಂಗಳಲ್ಲಿ 10ರಿಂದ 90ಕ್ಕೆ ಏರಿಸಲು ಕೂರಬೇಡಿ. ಅವಸರದಲ್ಲಿ ಬರೆದ ಆ ಟೆಸ್ಟುಗಳು ಉತ್ತರ ನೋಡದ ಟೆಸ್ಟುಗಳೇ ಆಗುತ್ತವೆ. ಬದಲಿಗೆ ಇವತ್ತಿನಿಂದ ಬದಲಾಯಿಸುವ ಸಾಲುಗಳಿಗೆ ಮಾತ್ರ ಗುರಿ ಇಡಿ. ಬದಲಾದ ಸಾಲುಗಳ ಕವರೇಜನ್ನು ಬೇರೆಯಾಗಿ ತೋರಿಸುವ ಟೂಲುಗಳಿವೆ. ಒಟ್ಟು ಅಂಕಿ ಕೆಳಗಿಳಿದರೆ ಬಿಲ್ಡ್, ಅಂದರೆ ಸಾಫ್ಟ್‌ವೇರ್ ಸಿದ್ಧಪಡಿಸುವ ಕೆಲಸ, ನಿಲ್ಲುವಂತೆ ಕವರೇಜ್-ಪೈಯಲ್ಲಿ 'ಫೇಲ್ ಅಂಡರ್' ಹಾಕಬಹುದು. ಇವತ್ತಿನ ಅಂಕಿಯನ್ನೇ ಅದಕ್ಕೆ ಕೊಟ್ಟು, ಏರಿದ ಹಾಗೆ ಏರಿಸುತ್ತಾ ಹೋಗಿ.

ಮಿಲ್ಲಿನಿಂದ ದೂರು ಬಂದಾಗಲೂ ಒಂದು ಕ್ರಮ ಇಟ್ಟುಕೊಳ್ಳಿ. ಕೋಡ್ ಮುಟ್ಟುವ ಮೊದಲು, ಅವರು ಹೊಡೆದ ಅದೇ ಅಂಕಿಗಳನ್ನು ಕೊಟ್ಟು ಫೇಲ್ ಆಗುವ ಟೆಸ್ಟ್ ಒಂದನ್ನು ಬರೆಯಿರಿ. ಆಮೇಲೆ ಕೋಡ್ ಸರಿಪಡಿಸಿ, ಟೆಸ್ಟ್ ಪಾಸಾಗುವುದನ್ನು ನೋಡಿ. ಆ ಸಾಲು ಮೊದಲೇ ಹಸಿರಾಗಿತ್ತೇ ಎಂದು ಹಳೆಯ ವರದಿಯನ್ನೂ ಒಮ್ಮೆ ತೆರೆದು ನೋಡಿ. ಹಸಿರಾಗಿದ್ದರೆ ಆ ಫೈಲಿನ ಉಳಿದ ಟೆಸ್ಟುಗಳನ್ನು ಒಂದೊಂದಾಗಿ ತೆರೆದು, ಅವು ಉತ್ತರವನ್ನು ಹೋಲಿಸಿ ನೋಡುತ್ತಿವೆಯೇ ಎಂದು ಅದೇ ದಿನ ಪರಿಶೀಲಿಸಿ.